ಕೆಲಸ ಹೋಗಿ ಒಂದೂವರೆ ವರ್ಷ, ತಮ್ಮನ ಮಾತು ಕೇಳಿದರೆ ಹೆದರಿಕೆ

ಪ್ರಶ್ನೆ: ನನ್ನ ತಮ್ಮನಿಗೆ 32 ವರ್ಷ. ಕಾರವಾರದಿಂದ ದಿನಾ ಗೋವಾಕ್ಕೆ ಹೋಗಿ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ. ಕೆಲಸ ಹೋಗಿ ಒಂದೂವರೆ ವರ್ಷ ಆಯಿತು. ಮೊದಲು ಅಲ್ಲಿ ಇಲ್ಲಿ ಅರ್ಜಿ ಹಾಕುತ್ತಿದ್ದ, ಈಗ ಅದೂ ಇಲ್ಲ. ಮಧ್ಯಾಹ್ನದ ತನಕ ಏಳುವುದಿಲ್ಲ. ಹೋದ ವಾರ ಅಮ್ಮನ ಹತ್ತಿರ ‘ನಾನು ಇದ್ದೂ ಎಂತ ಉಪಯೋಗ’ ಅಂದನಂತೆ. ನಾನು ಮದುವೆಯಾಗಿ ಶಿರಸಿಯಲ್ಲಿದ್ದೇನೆ. ಕೆಲಸ ಇಲ್ಲದ್ದಕ್ಕೂ ಆತ್ಮಹತ್ಯೆಗೂ ನಿಜವಾಗಿ ಸಂಬಂಧ ಇದೆಯಾ? ಒಂದು ಕೆಲಸ ಸಿಕ್ಕರೆ ಎಲ್ಲ ಸರಿಹೋಗುತ್ತದಾ? ಅವನನ್ನೇ ಕೇಳೋಣ ಅಂದರೆ, ‘ಇಲ್ಲದ್ದನ್ನು ತಲೆಗೆ ತುಂಬಬೇಡ’ ಅಂತಾರೆ ಅಪ್ಪ.

ಉತ್ತರ: ಕೊನೆಯದರಿಂದ ಶುರು ಮಾಡುತ್ತೇನೆ, ಅದು ಇವತ್ತೇ ಆಗಬೇಕಾದ ಕೆಲಸ. ಅವನನ್ನೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನಸ್ಸಿನಲ್ಲಿ ಇದ್ದರೆ, ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಸುತ್ತಿ ಬಳಸಿ ಬೇಡ. ‘ಅಮ್ಮನ ಹತ್ತಿರ ಹಾಗೆ ಅಂದಿಯಂತೆ. ಸಾಯುವ ಯೋಚನೆ ಬರ್ತಾ ಇದೆಯಾ?’ ಅನ್ನಿ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ, ಅಮ್ಮನ ಕಣ್ಣೀರು ನೆನಪಿಸಬೇಡಿ. ಸುಮ್ನೆ ಕೂತು ಕೇಳಿಸಿಕೊಳ್ಳಿ.

ಸಂಬಂಧದ ವಿಷಯ. ಇದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2013ರಲ್ಲಿ ಒಂದು ವಿಶ್ಲೇಷಣೆ ಬಂತು. ಕೆಲಸದಲ್ಲಿರುವವರಿಗೆ ಹೋಲಿಸಿದರೆ, ಕೆಲಸ ಕಳೆದುಕೊಂಡ ಮೊದಲ ಐದು ವರ್ಷಗಳಲ್ಲಿ ಆತ್ಮಹತ್ಯೆಯ ಅಪಾಯ ಸುಮಾರು ಎರಡೂವರೆ ಪಟ್ಟು, ಆಮೇಲೆ ಇಳಿಯುತ್ತದೆ ಎಂದು ಅದರಲ್ಲಿತ್ತು. ನಿಮ್ಮ ತಮ್ಮ ಈಗ ಆ ಐದು ವರ್ಷಗಳ ಒಳಗಿದ್ದಾನೆ. ಆದರೆ ಈ ಲೆಕ್ಕ ನೋಡಿ ಗಾಬರಿಯಾಗಬೇಡಿ. ಕೆಲಸ ಇಲ್ಲದವರಲ್ಲಿ ಬಹುಪಾಲು ಜನ ಆ ದಾರಿಗೆ ಹೋಗುವುದಿಲ್ಲ. ಇನ್ನೊಂದು, ಎಷ್ಟೋ ಸಲ ಖಿನ್ನತೆ ಅಥವಾ ಕುಡಿತ ಮೊದಲೇ ಇದ್ದು, ಅದರಿಂದಲೇ ಕೆಲಸ ಹೋಗಿರುತ್ತದೆ. ಯಾವುದು ಮೊದಲು ಅಂತ ಹೊರಗಿನಿಂದ ಹೇಳುವುದು ಕಷ್ಟ.

ನಮ್ಮ ದೇಶದ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ಆ ವರ್ಷ ಆತ್ಮಹತ್ಯೆಯಿಂದ ಸತ್ತವರು 1,70,924 ಜನ. ಅದರಲ್ಲಿ ನಿರುದ್ಯೋಗಿಗಳು ನೂರಕ್ಕೆ ಒಂಬತ್ತರಷ್ಟು. ಆದರೆ ‘ಕಾರಣ: ನಿರುದ್ಯೋಗ’ ಎಂದು ಬರೆದಿರುವುದು ನೂರಕ್ಕೆ ಸುಮಾರು ಎರಡು ಮಾತ್ರ. ಎಲ್ಲಕ್ಕಿಂತ ಜಾಸ್ತಿ ಇರುವ ಕಾರಣ ‘ಕೌಟುಂಬಿಕ ಸಮಸ್ಯೆ’. ನನಗನ್ನಿಸುವುದು, ಕೆಲಸ ಇಲ್ಲದ ನೋವು ಬಹಳ ಸಲ ಮನೆಜಗಳದ ರೂಪದಲ್ಲೇ ಹೊರಗೆ ಬರುತ್ತದೆ. ಸಾಲ, ತಡವಾಗಿ ಏಳುವುದಕ್ಕೆ ಬೈಗುಳ, ನಿಂತುಹೋದ ಮದುವೆ ಮಾತುಕತೆ. ಹಾಗಾಗಿ ಮನೆಯವರು ನಡೆದುಕೊಳ್ಳುವ ರೀತಿ ಸಣ್ಣ ವಿಷಯ ಅಲ್ಲ.

ಕೆಲಸ ಹೋದಾಗ ಸಂಬಳ ಮಾತ್ರ ಹೋಗುವುದಿಲ್ಲ, ಅಲ್ವಾ? ಬೆಳಿಗ್ಗೆ ಏಳಲು ಕಾರಣ ಹೋಗುತ್ತದೆ, ರೈಲಿನಲ್ಲಿ ಜೊತೆಯಾಗುತ್ತಿದ್ದವರು ಹೋಗುತ್ತಾರೆ. ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಮರಿಯೆಂತಾಲ್ ಎಂಬ ಊರಿನಲ್ಲಿ, 1930ರ ಹೊತ್ತಿಗೆ ಜವಳಿ ಕಾರ್ಖಾನೆ ಮುಚ್ಚಿತು. ಸಮಾಜ ಮನೋವಿಜ್ಞಾನಿ ಮಾರಿ ಯಹೋಡಾ ಮತ್ತು ಜೊತೆಗಾರರು ಅಲ್ಲಿ ಅಧ್ಯಯನ ಮಾಡಿ ಕಂಡಿದ್ದು ಇದು: ಜನರಿಗೆ ಬೇಕಾದಷ್ಟು ಪುರುಸೊತ್ತು ಇತ್ತು, ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು, ಗಂಡಸರು ನಡೆಯುವ ವೇಗವೂ ತಗ್ಗಿತು. ಮಧ್ಯಾಹ್ನದ ತನಕ ಮಲಗುವ ನಿಮ್ಮ ತಮ್ಮನನ್ನು ಸೋಮಾರಿ ಅನ್ನುವ ಮೊದಲು ಅಪ್ಪನಿಗೆ ಇದನ್ನು ಹೇಳಿ. ನಮ್ಮ ಕಡೆ ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಮೊದಲು ಕೇಳುವುದೇ ‘ಈಗ ಎಂತ ಮಾಡ್ತಾ ಇದ್ದೀ?’ ಅಂತ. ಅದಕ್ಕೆ ಹೆದರಿ ಜನ ಮನೆಯಿಂದ ಹೊರಗೆ ಬರುವುದನ್ನೇ ಬಿಡುತ್ತಾರೆ. ಅವನನ್ನು ಎಳೆದುಕೊಂಡು ಸಮಾರಂಭಕ್ಕೆ ಹೋಗಬೇಡಿ. ಒಬ್ಬ ಗೆಳೆಯನ ಜೊತೆ ಸಂಜೆ ಕಡಲ ದಂಡೆಗೆ ಹೋಗಿ ಬಂದರೂ ಸಾಕು. ದಿನಕ್ಕೆ ಒಂದು ಹೊತ್ತು, ಒಂದು ಕೆಲಸ ನಿಗದಿಯಾಗಿರಲಿ.

ಕೆಲಸ ಸಿಕ್ಕರೆ ಸರಿಹೋಗುತ್ತದಾ? ಒಳ್ಳೆಯದೇ, ಹುಡುಕಿ. ಆದರೆ ಚಿಕಿತ್ಸೆಯನ್ನು ಕೆಲಸ ಸಿಗುವ ತನಕ ಮುಂದೂಡಬೇಡಿ. ನಿದ್ದೆ ಕೆಟ್ಟು, ಯಾವುದರಲ್ಲೂ ಆಸೆ ಇಲ್ಲದೆ ವಾರಗಟ್ಟಲೆ ಕಳೆದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಔಷಧಿ ಇದೆ, ಮಾತಿನ ಚಿಕಿತ್ಸೆಯೂ ಇದೆ. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಪೊಲೀಸ್ ಕೇಸ್ ಆಗುತ್ತದೆ ಎಂಬ ಭಯ ಬೇಡ. ಮನಸ್ಸಿಗೆ ಬಂದ ಯೋಚನೆಯನ್ನು ವೈದ್ಯರಿಗೆ ಹೇಳುವುದು ಅಪರಾಧ ಅಲ್ಲ.

ಅವನು ಸಾಯುವ ರೀತಿಯನ್ನೋ ದಿನವನ್ನೋ ಯೋಚಿಸಿದ್ದಾನೆ ಅಂತ ಗೊತ್ತಾದರೆ, ತನ್ನ ವಸ್ತುಗಳನ್ನು ಹಂಚಲು ಶುರು ಮಾಡಿದರೆ, ಒಬ್ಬನನ್ನೇ ಬಿಡಬೇಡಿ. ಅಪಾಯ ತರುವ ವಸ್ತುಗಳನ್ನು ಮನೆಯಿಂದ ಹೊರಗೆ ಸಾಗಿಸಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ತುರ್ತಾದರೆ 112.

ಅವನು ಬರಲ್ಲ ಅಂದರೆ ನೀವೇ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಿ: 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು, ಶಿರಸಿಯಿಂದಲೇ ಆಗುತ್ತದೆ.