ಒಬ್ಬನೇ ಗೇಮ್ ಮಾಡಬೇಕು. ಯೂನಿಟಿ ಕಲಿಯಲಾ, ಅನ್‌ರಿಯಲ್ ಕಲಿಯಲಾ?

ಸೋಮವಾರಪೇಟೆ ಕಡೆಯವರು, ಬಿಸಿಎ ಮುಗಿದಿದೆ, ಯಾವ ಎಂಜಿನ್ (ಯೂನಿಟಿ, ಅನ್‌ರಿಯಲ್ ಥರದ ಗೇಮ್ ಕಟ್ಟುವ ಸಾಫ್ಟ್‌ವೇರ್) ಕಲಿಯಲಿ, ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಬೇಕಾ, ಬೆಂಗಳೂರಿಗೆ ಹೋಗಿ ಕೋರ್ಸ್ ಸೇರಲಾ ಅಂತ ಕೇಳಿದ್ದೀರಿ. ವಿರಾಜಪೇಟೆ ಹತ್ತಿರ ಕೂತು ನಾನೂ ಇದನ್ನೇ ಕೇಳಿಕೊಂಡಿದ್ದೆ. ಎಂಜಿನ್ ಹೋಲಿಸುವ ವಿಡಿಯೊ ನೋಡುತ್ತಲೇ ಒಂದು ಮಳೆಗಾಲ ಕಳೆದಿದ್ದೇನೆ, ಅದೂ ಕರೆಂಟ್ ಇದ್ದಾಗ ಮಾತ್ರ.

ನನ್ನ ತಲೆಯಲ್ಲಿದ್ದದ್ದು ಕಾಫಿ ತೋಟದ ಗೇಮ್. ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ಗೇಮನ್ನು ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ಮಾಡಿ 2016ರಲ್ಲಿ ಬಿಟ್ಟ ಅಂತ ಓದಿದ್ದೆ. ಅವನಿಗೆ ಆಗಿದ್ದು ನನಗೇಕೆ ಆಗಬಾರದು, ತೋಟದ ಬಗ್ಗೆ ಅವನಿಗಿಂತ ನನಗೇ ಜಾಸ್ತಿ ಗೊತ್ತಲ್ವಾ ಅಂದುಕೊಂಡೆ. ಅವನಿಗೆ ನಾಲ್ಕು ವರ್ಷಕ್ಕೂ ಮೇಲೆ ಹಿಡಿಯಿತು ಅನ್ನುವುದನ್ನು ಓದಿಯೂ ಓದದ ಹಾಗೆ ಬಿಟ್ಟೆ.

ಮೊದಲು ಮಳೆ ಮಾಡಿದೆ. ಆಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕಾಫಿ ಒಣಗಿಸುವ ಕಣ, ಕೆಲಸದವರ ಲೈನ್ ಮನೆಗಳು. ಕಾಫಿ ಎಲೆಯ ತುದಿಯಲ್ಲಿ ಹನಿ ಸೇರಿ, ದಪ್ಪಗಾಗಿ, ಎಲೆ ಸ್ವಲ್ಪ ಬಾಗಿ, ಹನಿ ಬಿದ್ದ ಮೇಲೆ ಎಲೆ ಮೇಲೇಳಬೇಕು. ಇದಕ್ಕೇ ವಾರಗಟ್ಟಲೆ ಕೂತೆ. ಸ್ಕ್ರೀನ್‌ಶಾಟ್ ಹಾಕಿದರೆ ಲೈಕ್ ಮೇಲೆ ಲೈಕ್. ಮನೆಗೆ ಬಂದವರೆಲ್ಲ ನೋಡಿ "ನಮ್ಮ ತೋಟದ ಹಾಗೇ ಇದೆಯಲ್ಲಾ" ಅಂದರು.

ಕೈಲ್ ಮುಹೂರ್ತ ಹಬ್ಬಕ್ಕೆ ಬಂದ ಚಿಕ್ಕಮ್ಮನ ಮಗನ ಕೈಗೆ ಕೊಟ್ಟೆ. ತೋಟದೊಳಗೆ ಎರಡು ಸುತ್ತು ಓಡಾಡಿದ. "ಅಣ್ಣಾ, ಈಗ ನಾನೇನ್ ಮಾಡ್ಬೇಕು?" ಅಂದ. ಹಣ್ಣು ಕುಯ್ಯಿ ಅಂದೆ. ಕುಯ್ದ. "ಆಮೇಲೆ?"

ಇಲ್ಲಿ ಏನು ಕೆಟ್ಟಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನೀವೂ ಸೀದಾ ಇಲ್ಲಿಗೇ ಹೊರಟಿದ್ದೀರಿ. ನನ್ನ ಗೇಮ್‌ನಲ್ಲಿ ಕೆಲಸ ಇತ್ತು, ಆಯ್ಕೆ ಇರಲಿಲ್ಲ. ನಿಜವಾದ ತೋಟದಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಹೂವಾಗುತ್ತದೆ, ರೋಬಸ್ಟಾ ಹಣ್ಣಾಗಲು ಅಲ್ಲಿಂದ ಹತ್ತು ತಿಂಗಳು. ಗೇಮ್‌ನಲ್ಲಿ ಅದನ್ನು ಹತ್ತು ನಿಮಿಷಕ್ಕೆ ಇಳಿಸಿದ್ದೆ. ಆದರೂ ಕಾಯುವುದು ಕಾಯುವುದೇ. ಕಾಯುವಾಗ ಬೇಜಾರಾಗದಿರಲಿ ಅಂತ ನೀರು ಹಾಯಿಸುವುದು ಸೇರಿಸಿದೆ. ಅದೂ ಸಾಲದು ಅಂತ ಮೆಣಸು ಕುಯ್ಯುವುದು, ಗೊಬ್ಬರ ಹಾಕುವುದು. ಎಲ್ಲದಕ್ಕೂ ಒಂದೇ ಬಟನ್. ಒತ್ತಿದರೆ ಆಗುತ್ತದೆ, ಒತ್ತದಿದ್ದರೆ ಆಗುವುದಿಲ್ಲ. ಇದನ್ನು ಮಾಡಿದರೆ ಅದು ಕೈತಪ್ಪುತ್ತದೆ ಅನ್ನುವ ಪೇಚು ಎಲ್ಲೂ ಇಲ್ಲ. ಪೇಚಿಲ್ಲ ಅಂದರೆ ಆಟ ಇಲ್ಲ. ನಾನು ಮಾಡಿದ್ದು ಮಳೆ ಬರುವ ವಾಲ್‌ಪೇಪರ್.

ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ? ಚಿತ್ರ ಚೆನ್ನಾಗಿದ್ದರೆ ಎಲ್ಲರೂ ಹೊಗಳುತ್ತಾರೆ, ಆಟ ಚೆನ್ನಾಗಿದೆಯಾ ಅಂತ ಯಾರೂ ನೋಡುವುದಿಲ್ಲ. ಆಡಿದವನೇ ಹೇಳಬೇಕು. ನಾನು ಆಡಲು ಕೊಟ್ಟದ್ದೇ ಎಲ್ಲ ಮುಗಿಯುತ್ತಾ ಬಂದಾಗ. ಅಷ್ಟು ಹೊತ್ತಿಗೆ ಎಲೆಯ ಹನಿಯನ್ನು ಬಿಸಾಕಲು ಮನಸ್ಸು ಬರಲ್ಲ, ಅದಕ್ಕೊಂದು ಆಟ ಹುಡುಕಲೂ ಆಗಲ್ಲ.

ಆಮೇಲೆ ಮಾಡಿದ್ದರಲ್ಲಿ ಚಿತ್ರವೇ ಇರಲಿಲ್ಲ. ಹಲಸು ಹಣ್ಣಾದರೆ ವಾಸನೆಗೆ ಆನೆ ತೋಟಕ್ಕೆ ಬರುತ್ತದೆ ಅಂತ ಇಲ್ಲಿ ಕಾಯನ್ನು ಮೊದಲೇ ಇಳಿಸುವುದುಂಟು, ನಿಮಗೂ ಗೊತ್ತು. ಅದನ್ನೇ ಹಿಡಿದೆ. ಕೆಂಪು ಚೌಕ ನಾನು, ಹಳದಿ ಚೌಕ ಹಲಸು, ದೊಡ್ಡ ಬೂದು ಚೌಕ ಆನೆ. ಕತ್ತಲಾಗುವುದರೊಳಗೆ ಹಣ್ಣು ಸಾಗಿಸಬೇಕು. ಎರಡು ಹೊತ್ತರೆ ನಡಿಗೆ ನಿಧಾನ, ಒಂದೇ ಹೊತ್ತರೆ ಇನ್ನೊಮ್ಮೆ ಬರಬೇಕು, ಹೆದರಿ ಕೆಳಗೆ ಹಾಕಿದರೆ ಆನೆ ಅಲ್ಲಿಗೇ ಬರುತ್ತದೆ. ಅದೇ ಹುಡುಗ ಊಟಕ್ಕೆ ಕರೆದರೂ ಫೋನ್ ಬಿಡಲಿಲ್ಲ. ಬರೀ ಚೌಕಗಳು!

ಹಾಗಾಗಿ ಯೂನಿಟಿನಾ ಅನ್‌ರಿಯಲ್ಲಾ ಅನ್ನುವ ಪ್ರಶ್ನೆಯೇ ಈಗ ಬೇಡ. ನನ್ನನ್ನು ಕೇಳಿದರೆ ಎರಡೂ ಬೇಡ, ಗೊಡೊ ಅನ್ನುವ ಎಂಜಿನ್ ಹಾಕಿಕೊಳ್ಳಿ. ಅನ್‌ರಿಯಲ್ ಇಳಿಸಲು ಹತ್ತಾರು ಜಿಬಿ ಬೇಕು. ಗೊಡೊದ್ದು ಎಂಬಿ ಲೆಕ್ಕ, ನಮ್ಮ ನೆಟ್‌ವರ್ಕ್‌ನಲ್ಲೂ ಇಳಿಯುತ್ತದೆ, ಇನ್‌ಸ್ಟಾಲ್ ಕೂಡ ಬೇಡ. ಪುಕ್ಕಟೆ, ಓಪನ್ ಸೋರ್ಸ್, ರಾಯಲ್ಟಿ ಇಲ್ಲ. ಯೂನಿಟಿಯವರು 2023ರ ಸೆಪ್ಟೆಂಬರ್‌ನಲ್ಲಿ ಗೇಮ್ ಇನ್‌ಸ್ಟಾಲ್ ಆದಷ್ಟಕ್ಕೂ ದುಡ್ಡು ಅಂತ ಹೊರಟು, ಗಲಾಟೆಯಾಗಿ, ಮರುವರ್ಷ ಕೈಬಿಟ್ಟರು. ನಿಮಗೆ ಆ ತಲೆಬಿಸಿ ಯಾಕೆ? 2ಡಿ ಗೇಮ್‌ಗೆ ಹಳೆ ಲ್ಯಾಪ್‌ಟಾಪೇ ಸಾಕು, ಗೊಡೊದಲ್ಲಿ ರೆಂಡರರ್ (ಚಿತ್ರವನ್ನು ಪರದೆಗೆ ತರುವ ಭಾಗ) ಆರಿಸುವಾಗ ಕಂಪ್ಯಾಟಿಬಿಲಿಟಿ ಅನ್ನುವುದನ್ನು ಆರಿಸಿ. ಗೊಡೊದವರ ದಾಖಲೆಯಲ್ಲೇ ಮೊದಲ 2ಡಿ ಗೇಮ್‌ನ ಪಾಠ ಇದೆ, ಅದನ್ನು ಕೊನೆತನಕ ಮಾಡಿ. ಕೋರ್ಸ್‌ಗೆ ಕೊಡುವ ದುಡ್ಡಲ್ಲಿ ಒಂದು ಯುಪಿಎಸ್ ತಗೊಳ್ಳಿ. ಜುಲೈನಲ್ಲಿ ಮರ ಬಿದ್ದು ಲೈನ್ ಹೋದಾಗ ನನ್ನನ್ನು ನೆನೆಯುತ್ತೀರಿ.

ಗೇಮ್‌ನಲ್ಲಿ ಕನ್ನಡ ಅಕ್ಷರ ಹಾಕುವ ಆಸೆ ಇದ್ದರೆ ಗೊಡೊ 4 ಅಥವಾ ಅದರ ನಂತರದ್ದೇ ಬೇಕು. 3ರಲ್ಲಿ ಒತ್ತಕ್ಷರ ಕೂಡಿಕೊಳ್ಳುವುದೇ ಇಲ್ಲ. ನನ್ನ ಹಳೇ ಗೇಮ್‌ನಲ್ಲಿ "ಹಣ್ಣು" ಅನ್ನುವುದು "ಹಣ್‌ಣು" ಅಂತ ಬಿದ್ದುಕೊಂಡಿತ್ತು. 4ರಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದ ಮೇಲೆ ಸರಿಯಾಯಿತು.

ಮೊದಲನೇ ಗೇಮ್ ಆಡಿ ಮುಗಿಸಲು ಐದು ನಿಮಿಷ ಹಿಡಿದರೆ ಸಾಕು. ಯಾರ ಕೈಗಾದರೂ ಕೊಡಿ, ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಿ. ವಿವರಿಸಬೇಕು ಅನ್ನಿಸಿದ ಜಾಗವೇ ರಿಪೇರಿ ಆಗಬೇಕಾದ ಜಾಗ. ಮುಗಿದ ಮೇಲೆ ಇಚ್.ಐಒ ಅನ್ನುವ ಗೇಮ್ ಸೈಟ್‌ಗೆ ಹಾಕಿ, ಅಲ್ಲಿ ಖರ್ಚಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಗೆ ಒಂದು ಗೇಮ್‌ಗೆ 100 ಡಾಲರ್, ಮಾರಿದ್ದರಲ್ಲಿ 30% ಅವರಿಗೆ. ಎರಡು ಗಂಟೆಗಿಂತ ಕಡಿಮೆ ಆಡಿದವರು ದುಡ್ಡು ವಾಪಸ್ ಕೇಳಬಹುದು, ಅಂದರೆ ಐದು ನಿಮಿಷದ ಗೇಮ್ ಅಲ್ಲಿ ಮಾರುವುದು ದಂಡ. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್. ಆದರೆ ಹೊಸ ವೈಯಕ್ತಿಕ ಅಕೌಂಟ್ ಆದರೆ ಗೇಮ್ ಬಿಡುವ ಮೊದಲು 12 ಜನ ಟೆಸ್ಟರ್‌ಗಳಾಗಿ ಸೇರಿ 14 ದಿನ ನಡುವೆ ಬಿಡದೆ ಇರಬೇಕು. ನೆಂಟರನ್ನೇ ಸೇರಿಸಿದೆ. ಏನೋ ಮೆಸೇಜ್ ಬರ್ತಾ ಇದೆ ಅಂತ ಮೊದಲು ಬಿಟ್ಟುಹೋದದ್ದು ನಮ್ಮ ಚಿಕ್ಕಪ್ಪನೇ. ಹನ್ನೆರಡಕ್ಕಿಂತ ನಾಲ್ಕೈದು ಜನ ಜಾಸ್ತಿಯೇ ಸೇರಿಸಿಕೊಳ್ಳಿ.