ದುಬೈಯಿಂದ ಬಂದ ಮಿಸ್ಟರ್ ಬೀನ್

ಪ್ರಶ್ನೆ: ಮಾವ ದುಬೈಯಿಂದ ಮಿಸ್ಟರ್ ಬೀನ್ ಡಿವಿಡಿ ಸೆಟ್ ತಂದಿದ್ದಾರೆ, ಪ್ಲೇಯರಿಗೆ ಹಾಕಿದ್ರೆ ಬರೇ ರೀಜನ್ ಎರರ್. ಫ್ರೆಂಡ್ಸ್ ಎಲ್ಲ ಮೊಬೈಲಲ್ಲೇ ಕ್ಲಿಪ್ ಸಿಗ್ತದಲ್ಲ, ಡಿಸ್ಕ್ ಯಾಕೆ ಅಂತಾರೆ. ನೀವೇನಂತೀರಿ?
– ಓದುಗರೊಬ್ಬರು, ಕುಂಬಳೆ

ಉತ್ತರ: ಡಿಸ್ಕ್ ಹಾಳಾಗಿಲ್ಲ, ಗಾಬರಿ ಬೇಡ. ಡಿವಿಡಿ ಎಲ್ಲೆಲ್ಲಿ ಓಡ್ಬೇಕು ಅಂತ ದೇಶಗಳನ್ನು ನಂಬರ್ ಹಾಕಿ ವಲಯಗಳಾಗಿ ಹಂಚಿದ್ದಾರೆ, ಅದೇ ರೀಜನ್. ದುಬೈ, ಈ ಸೀರಿಯಲ್ ಹುಟ್ಟಿದ ಇಂಗ್ಲೆಂಡ್ ಎರಡೂ ರೀಜನ್ 2, ನಮ್ಮದು 5, ಹಾಗಾಗಿ ಎಲ್ಲ ರೀಜನ್ ಓದುವ ಪ್ಲೇಯರ್ ಸಿಕ್ಕಿದ್ರೆ ಚಂದ ಓಡ್ತದೆ. ಕ್ಲಿಪ್ ಸಾಕು ಅನ್ನೋ ಮಾತು ನಾನಂತೂ ಒಪ್ಪಲ್ಲ. ಎಕ್ಸಾಮ್ ಹಾಲಲ್ಲಿ ಬೀನ್ ಪಾತ್ರ ಮಾಡಿದ ರೋವನ್ ಅಟ್ಕಿನ್ಸನ್ ಪಕ್ಕದವನ ಪೇಪರಿಗೆ ಇಣುಕೋದು ನಿಧಾನಕ್ಕೆ ಏರ್ತಾ ಹೋಗ್ತದಲ್ಲ, ಕತ್ತರಿಸಿದ್ರೆ ಆ ಮಜಾನೇ ಹೋಯ್ತು! ಮತ್ತೆ ಒಟ್ಟು 15 ಎಪಿಸೋಡಲ್ಲಿ ಆ ಕಟಿಂಗ್ ಶಾಪಿಂದು ಉಂಟಲ್ಲ, ಅದು 1995ರಲ್ಲಿ ಟಿವಿಗಿಂತ ಮೊದ್ಲು ವಿಡಿಯೋ ಕ್ಯಾಸೆಟ್ಟಲ್ಲೇ ಬಂದದ್ದು, ನಿಮ್ಮ ಸೆಟ್ಟಲ್ಲಿ ಇದ್ಯಾ ಅಂತ ಕವರ್ ಹಿಂದೆ ನೋಡಿ, ಇದ್ರೆ ಮೊದ್ಲು ಅದನ್ನೇ ಹಾಕಿ.