ರ‍್ಯಾಕೆಟ್ ಹಿಡಿದರೆ ಮೊಣಕೈ ನೋವು: ವಿಶ್ರಾಂತಿಯೊಂದೇ ಸಾಲದು

ಪ್ರಶ್ನೆ: ನನಗೆ 41 ವರ್ಷ. ವಾರಕ್ಕೆ ಐದು ದಿನ ಬ್ಯಾಡ್ಮಿಂಟನ್ ಆಡುತ್ತೇನೆ. ಎರಡು ತಿಂಗಳಿಂದ ಬಲ ಮೊಣಕೈಯ ಹೊರಬದಿಯಲ್ಲಿ ನೋವು. ನೀರಿನ ಬಾಟಲಿ ಎತ್ತುವುದೂ ಕಷ್ಟ. ಮೂರು ವಾರ ಆಟ ಬಿಟ್ಟಾಗ ಕಡಿಮೆಯಾಗಿತ್ತು. ಮತ್ತೆ ಆಡಿದ ಎರಡನೇ ದಿನವೇ ಮರುಕಳಿಸಿತು. ಈಚೆಗೆ ರ‍್ಯಾಕೆಟ್‌ನ ಸ್ಟ್ರಿಂಗ್ ಟೆನ್ಶನ್ (ತಂತಿಗಳ ಬಿಗಿತ) 24ರಿಂದ 28 ಪೌಂಡ್‌ಗೆ ಏರಿಸಿದ್ದೆ. ಇಂಜೆಕ್ಷನ್ ತೆಗೆದುಕೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಲಕ್ಷಣಗಳು ‘ಟೆನಿಸ್ ಎಲ್ಬೋ’ಗೆ ಹೊಂದುತ್ತವೆ (ರ‍್ಯಾಕೆಟ್ ಮುಟ್ಟದವರಿಗೂ ಇದು ಬರುತ್ತದೆ, ಹೆಸರಿಗೆ ಮರುಳಾಗಬೇಡಿ). ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ನಾರಿನ ಪಟ್ಟಿ) ಮೊಣಕೈಯ ಹೊರಗಿನ ಮೂಳೆಗೆ ಅಂಟಿಕೊಂಡಿರುವ ಜಾಗದ ತೊಂದರೆ ಇದು. ತಿಂಗಳುಗಟ್ಟಲೆ ಎಳೆದ ನೋವಿನಲ್ಲಿ ಉರಿಯೂತಕ್ಕಿಂತ ನಾರುಗಳ ಸವಕಳಿಯೇ ಹೆಚ್ಚು. ವಿಶ್ರಾಂತಿ ನೋವನ್ನು ತಗ್ಗಿಸುತ್ತದೆ, ಟೆಂಡನ್‌ಗೆ ಬಲ ಕೊಡುವುದಿಲ್ಲ. ಬಲ ಬರಬೇಕಾದರೆ ಅದಕ್ಕೆ ಹದವಾದ ಭಾರ ಬೇಕು.

ಮುಂಗೈಯನ್ನು ಮೇಜಿನ ಮೇಲಿಡಿ. ಅಂಗೈ ಕೆಳಮುಖವಾಗಿರಲಿ, ಮಣಿಕಟ್ಟು ಅಂಚಿನಿಂದಾಚೆ ಇರಲಿ. 1 ಕಿಲೋ ಡಂಬೆಲ್ ಹಿಡಿದು, ಇನ್ನೊಂದು ಕೈಯ ನೆರವಿನಿಂದ ಮಣಿಕಟ್ಟನ್ನು ಮೇಲೆತ್ತಿ. ನೆರವು ಬಿಟ್ಟು, ನಾಲ್ಕು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಇಳಿಸಿ. ಹೀಗೆ 15 ಸಲ, ಮೂರು ಸುತ್ತು, ದಿನಕ್ಕೊಮ್ಮೆ. ಕೆಲಸ ಆಗುವುದು ಇಳಿಸುವಾಗಲೇ; ಬಹಳಷ್ಟು ಜನ ಆತುರಪಟ್ಟು ಕೈಬಿಡುವುದೂ ಅಲ್ಲೇ. ಹತ್ತಕ್ಕೆ ಮೂರರಷ್ಟು ನೋವಿದ್ದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ನೋವು ಏರಿದ್ದರೆ ಭಾರ ಇಳಿಸಿ. ಒಂದು ಕಿಲೋ ಕೂಡ ತಡೆಯದಿದ್ದರೆ, ಮಣಿಕಟ್ಟನ್ನು ನೇರವಾಗಿಟ್ಟು ಅಲುಗಿಸದೆ 30ರಿಂದ 45 ಸೆಕೆಂಡು ಹಿಡಿಯುವುದರಿಂದ ಶುರು ಮಾಡಿ. ಸುಲಭವಾದಾಗ ಅರ್ಧ ಕಿಲೋ ಏರಿಸಿ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡು ವಾರಕ್ಕೇ ಬೇಸತ್ತು ಬಿಡಬೇಡಿ.

ಇನ್ನು ರ‍್ಯಾಕೆಟ್. ಟೆನ್ಶನ್ ಮತ್ತೆ 24ಕ್ಕೆ ಇಳಿಸಿ. ಬಿಗಿಯಾದ ಸ್ಟ್ರಿಂಗ್‌ನಲ್ಲಿ ಶಟಲ್ ಚಿಮ್ಮಲು ಕೈಯೇ ಹೆಚ್ಚು ಶಕ್ತಿ ಹಾಕಬೇಕು, ಹೊಡೆತದ ಅದುರೂ ನೇರ ಮೊಣಕೈಗೆ ಬರುತ್ತದೆ. ಗ್ರಿಪ್ ಸವೆದು ಜಾರುತ್ತಿದ್ದರೆ ಬದಲಿಸಿ. ಜಾರುವ ಹಿಡಿಯನ್ನು ಕೈ ತಾನಾಗಿಯೇ ಅದುಮಿ ಹಿಡಿಯುತ್ತದೆ. ಬೆರಳುಗಳು ಸಡಿಲವಾಗಿರಲಿ, ಬಿಗಿತ ಶಟಲ್ ತಾಗುವ ಗಳಿಗೆಗಷ್ಟೇ. ಬ್ಯಾಕ್‌ಹ್ಯಾಂಡ್‌ನಲ್ಲಿ ತಡವಾಗಿ ತಲುಪಿ ಬರೀ ಮಣಿಕಟ್ಟಿನಿಂದ ಎಳೆದು ಹೊಡೆಯುವ ಅಭ್ಯಾಸವಿದ್ದರೆ, ದೋಷ ಕೈಯದಲ್ಲ, ಕಾಲಿನದು.

ಪಟ್ಟಿ ಕಟ್ಟುವುದಾದರೆ ನೋಯುವ ಮೂಳೆಯ ಮೇಲೆ ಬೇಡ. ಅದಕ್ಕಿಂತ ಎರಡು ಬೆರಳಗಲ ಕೆಳಗೆ, ಮುಂಗೈಯ ದಪ್ಪ ಭಾಗಕ್ಕೆ ಕಟ್ಟಿ. ಬಾಟಲಿ, ಚೀಲಗಳನ್ನು ಅಂಗೈ ಮೇಲ್ಮುಖವಾಗಿಟ್ಟು ಎತ್ತಿ.

ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಹಾಯೆನಿಸುತ್ತದೆ. ಆದರೆ ವರ್ಷದ ಲೆಕ್ಕದಲ್ಲಿ, ಅದನ್ನು ತೆಗೆದುಕೊಂಡವರಲ್ಲೇ ನೋವು ಮರುಕಳಿಸುವುದು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ.

ಬಾಟಲಿಯನ್ನು ನೋವಿಲ್ಲದೆ ಎತ್ತಲು ಬಂದ ಮೇಲೆ ಅಂಗಳಕ್ಕಿಳಿಯಿರಿ: ದಿನ ಬಿಟ್ಟು ದಿನ, 20 ನಿಮಿಷ, ಮೊದಲೆರಡು ವಾರ ಸ್ಮ್ಯಾಶ್ ಬೇಡ. ಈ ನಡುವೆ ಕಿರುಬೆರಳು ಜೋಮು ಹಿಡಿದರೆ, ಕೈ ಪೂರ್ತಿ ನೀಡಲಾಗದೆ ಕೀಲು ಸಿಕ್ಕಿಕೊಂಡರೆ ಅಥವಾ ಮೊಣಕೈ ಊದಿ ಬಿಸಿಯಾದರೆ ಅದು ಬೇರೆಯೇ ತೊಂದರೆ. ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.